ಮನೆಯಿಲ್ಲದವರನ್ನು ಕುರಿತು ಮಕ್ಕಳ ಪ್ರಶ್ನೆ

ತಂದೆಯ ಕೈಹಿಡಿದು ಜಾತ್ರೆಗೆ ಹೊರಟ ಮಗುವು ಬಸ್ ನಿಲ್ದಾಣದ ಮೂಲೆಯಲ್ಲಿ ಗೋಣಿಚೀಲ ಹಾಸಿ ಮಲಗಿದವರನ್ನು ಕಂಡು, "ಅಪ್ಪಾ, ಇವರಿಗೆ ಮನೆಯಿಲ್ಲವೇ?" ಎಂದು ಕೇಳುತ್ತದೆ. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. "ಸುಮ್ಮನೆ ಬಾ" ಎಂಬುದೊಂದು; "ದುಡಿಯದವರ ಗತಿ ಹೀಗೆಯೇ" ಎಂಬುದಿನ್ನೊಂದು. ಮೊದಲನೆಯದು ಮೊಳೆಯುತ್ತಿರುವ ಕರುಣೆಯನ್ನು ಚಿವುಟುತ್ತದೆ. ಎರಡನೆಯದರ ಹಾನಿ ಇನ್ನೂ ಹೆಚ್ಚು. ಏಕೆಂದರೆ ಅದು ಕಾಯಕತತ್ತ್ವದ ವೇಷ ತೊಟ್ಟು ಬರುತ್ತದೆ.

ಕಾಯಕವು ಶರಣನು ತನ್ನ ಬಾಳನ್ನು ಶುದ್ಧಗೊಳಿಸಿಕೊಳ್ಳುವ ಸಾಧನ. ಅದನ್ನು ಬಿದ್ದವರ ಮೇಲೆ ಎಸೆಯುವ ಕಲ್ಲಾಗಿಸುವುದು ತತ್ತ್ವದ್ರೋಹ. 2011ರ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು 17 ಲಕ್ಷ 70 ಸಾವಿರ ಜನರು ವಸತಿಹೀನರೆಂದು ಎಣಿಕೆಯಾದರು. ರಸ್ತೆಯ ಬದಿ, ಸೇತುವೆಯ ಅಡಿ, ರೈಲು ನಿಲ್ದಾಣ, ದೇವಾಲಯದ ಅಂಗಳಗಳೇ ಇಂಥವರ ನೆಲೆ. ಇವರಲ್ಲಿ ಮೂಟೆ ಹೊರುವವರೂ ಚಿಂದಿ ಆಯುವವರೂ ಕಟ್ಟಡದ ಕೂಲಿಗಳೂ ಉಂಟು. ಹಗಲೆಲ್ಲ ಪರರ ಮನೆಗೆ ಇಟ್ಟಿಗೆ ಹೊತ್ತು, ರಾತ್ರಿ ಬಯಲಿನಲ್ಲಿ ಮಲಗುವವನನ್ನು ಕಾಯಕಹೀನನೆನ್ನುವುದು ಹೇಗೆ? ಮಳೆಯಿಲ್ಲದ ಹೊಲ, ತೀರದ ಸಾಲ, ಕಾಯಿಲೆ, ಮನೋರೋಗ, ಮಕ್ಕಳು ಕೈಬಿಟ್ಟ ಮುಪ್ಪು, ಇವುಗಳಲ್ಲಿ ಯಾವುದಾದರೂ ಒಂದು ಮನುಷ್ಯನನ್ನು ಬೀದಿಗೆ ತರಬಲ್ಲುದು. ಮಗುವಿಗೆ ಇದನ್ನು ಸರಳವಾದ ಮಾತಿನಲ್ಲಿ ತಿಳಿಸಬೇಕು.

ಶರಣರ ಕಥೆಗಳನ್ನು ಕೇಳಿದ ಮಗು ಮತ್ತೊಂದು ಪ್ರಶ್ನೆ ಹಾಕೀತು: "ಅಕ್ಕಮಹಾದೇವಿಗೂ ಮನೆಯಿರಲಿಲ್ಲವಲ್ಲ?" ಅಕ್ಕನು ಮನೆಯನ್ನು ತಾನಾಗಿ ತೊರೆದಳು; ಬೀದಿಯಲ್ಲಿ ಮಲಗಿದವರಿಂದ ಮನೆ ಕೈಜಾರಿತು. ತ್ಯಾಗ ಬೇರೆ, ಅಭಾವ ಬೇರೆ. ಒಂದಕ್ಕೆ ಕೈಮುಗಿಯಬೇಕು, ಇನ್ನೊಂದಕ್ಕೆ ಕೈನೀಡಬೇಕು. ಪರರ ಅಭಾವವನ್ನು ವೈರಾಗ್ಯವೆಂದು ಹೊಗಳಿ ಸುಮ್ಮನಿರುವುದು ಭಕ್ತನಿಗೆ ಸಲ್ಲದು.

"ನಮಗೂ ಹೀಗಾದೀತೇ?" ಎಂಬ ಭಯವು ಮಗುವಿನಲ್ಲಿ ಹುಟ್ಟುವುದು ಸಹಜ. "ಓದದಿದ್ದರೆ ನಿನಗೂ ಇದೇ ಗತಿ" ಎಂದು ಆ ಭಯವನ್ನು ಬೆಳೆಸಬಾರದು. ಕಷ್ಟ ಬಂದಾಗ ಬಂಧುಗಳು, ನೆರೆಹೊರೆಯವರು, ಮಠ ಆಸರೆಯಾಗುವರೆಂದೂ, ಆಸರೆ ತಪ್ಪಿದವರಿಗೆ ಇತರರು ಆಸರೆಯಾಗಬೇಕೆಂದೂ ಹೇಳಿದರೆ ಭಯವೇ ಅನುಕಂಪವಾಗಿ ಮಾರ್ಪಡುತ್ತದೆ.

ದಾಸೋಹದ ಅರ್ಥವನ್ನು ಮಕ್ಕಳಿಗೆ ತಿಳಿಸಲು ದೃಷ್ಟಾಂತವು ದೂರವಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳವರು (1907-2019) ಸಾವಿರಾರು ಬಡಮಕ್ಕಳಿಗೆ ಜಾತಿಮತವೆಣಿಸದೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಅನ್ನದಂತೆ ಸೂರೂ ದಾಸೋಹವೇ ಎಂಬುದಕ್ಕೆ ಇದು ಸಾಕ್ಷಿ.

ಮನೆಯಲ್ಲಿ ಆಚರಿಸಬೇಕಾದುವು ಕೆಲವೇ. ಬೀದಿಯಲ್ಲಿರುವವರನ್ನು ಬೆರಳು ಮಾಡಿ ತೋರಿಸದಂತೆ ಮಕ್ಕಳಿಗೆ ಕಲಿಸಬೇಕು. ಹಿರಿಯರಾದರೆ "ಅಜ್ಜಾ", "ಅವ್ವಾ" ಎಂದೇ ಮಾತನಾಡಿಸಬೇಕು. ಹಳಸಿದುದನ್ನು ಕೊಡದೆ ಮನೆಯವರು ಉಣ್ಣುವುದನ್ನೇ, ಹಿರಿಯರು ಜೊತೆಗಿದ್ದು, ಮಗುವಿನ ಕೈಯಿಂದ ಕೊಡಿಸಬೇಕು. ದಿಕ್ಕಿಲ್ಲದ ಮಗು ಕಂಡರೆ 1098 ಸಂಖ್ಯೆಗೆ ದೂರವಾಣಿ ಮಾಡಬೇಕು. ನಗರದಲ್ಲಿ ವಸತಿರಹಿತರ ಆಶ್ರಯಕೇಂದ್ರವೆಲ್ಲಿದೆ ಎಂಬುದನ್ನು ಅರಿತಿರಬೇಕು. ಕೊಟ್ಟೆನೆಂಬ ಹಮ್ಮು ಮಗುವಿನ ಮಾತಿನಲ್ಲಿ ಸುಳಿದರೆ ಮೆಲ್ಲನೆ ತಿದ್ದಬೇಕು. ನೀಡುವವನು ದಾಸನೆಂಬ ಭಾವವಿದ್ದಾಗಲೇ ಅದು ದಾಸೋಹವೆನಿಸುವುದು.