ತೋಟದ ನಾಯಿಯ ಎದೆಯೊಳಗಿನ ಹುಳ

'ನಾಯಿಗೆ ವಯಸ್ಸಾಯ್ತು, ದಮ್ಮು ಹಿಡೀತು.' ಕಾವಲಿನ ನಾಯಿ ಕೆಮ್ಮೋಕೆ ಶುರುಮಾಡಿದರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೇಳೋದು ಇಷ್ಟೇ. ಹಂದಿಯನ್ನು ಬೇಲಿ ದಾಟಿಸಿ ಬರುತ್ತಿದ್ದ ನಾಯಿ ಈಗ ನಾಲ್ಕು ಮಾರು ಓಡಿ ನಿಲ್ಲುತ್ತದೆ. ಒಣ ಕೆಮ್ಮು ಬಿಡೋದಿಲ್ಲ. ಮೈ ಇಳಿಯುತ್ತದೆ. ಕಡೆಗೆ ಹೊಟ್ಟೆಗೆ ನೀರು ತುಂಬಿ ಡೊಳ್ಳಾಗುತ್ತದೆ. ಕೆಲವು ಓಡುತ್ತಲೇ ಕುಸಿಯುತ್ತವೆ. ಮುದಿ ನಾಯಿಗೆ ಹೀಗಾಗುವುದುಂಟು. ಆದರೆ ಐದಾರು ವರ್ಷದ ನಾಯಿಗೆ ಹೀಗಾದರೆ, ಹೃದಯದಲ್ಲಿ ಹುಳ ಇದೆಯೇ ಅಂತ ವೈದ್ಯರನ್ನು ಕೇಳಲೇಬೇಕು.

ಇದು ಹೊಟ್ಟೆಹುಳ ಅಲ್ಲ. ಹೊಟ್ಟೆಹುಳದ ಮಾತ್ರೆಗೆ ಜಗ್ಗೋದೂ ಇಲ್ಲ. ಪಶುವೈದ್ಯರು ಡೈರೋಫೈಲೇರಿಯಾ ಇಮ್ಮಿಟಿಸ್ ಅನ್ನುತ್ತಾರೆ. ನಮಗೆ ಗೊತ್ತಿರುವ ಆನೆಕಾಲು ರೋಗದ ಹುಳಕ್ಕೆ ಇದು ದಾಯಾದಿ. ಬಿಳಿ ದಾರದ ಹಾಗಿರುತ್ತದೆ. ಹೆಣ್ಣು 25ರಿಂದ 30 ಸೆಂ.ಮೀ. ಉದ್ದ, ಅಂದರೆ ಹೆಚ್ಚುಕಡಿಮೆ ಒಂದು ಅಡಿ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಇದರ ವಾಸ. ಹುಳ ಹೆಚ್ಚಾದರೆ ಹೃದಯದ ಬಲಭಾಗಕ್ಕೂ ನುಗ್ಗುತ್ತದೆ. ನಾಳದ ಒಳಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಕಸ ಕಟ್ಟಿದ ಪೈಪಿಗೆ ನೀರು ತಳ್ಳುವ ಮೋಟಾರಿನಂತೆ ಹೃದಯ ದಣಿಯುತ್ತದೆ.

ಎಂಜಲು ತಿಂದರೆ, ಒಂದನ್ನೊಂದು ನೆಕ್ಕಿದರೆ ಇದು ಬರೋದಿಲ್ಲ. ತರುವುದು ಸೊಳ್ಳೆ. ರೋಗದ ನಾಯಿಯ ರಕ್ತದಲ್ಲಿ ಈಜುವ ಮರಿಹುಳಗಳು ಸೊಳ್ಳೆಯ ಹೊಟ್ಟೆ ಸೇರುತ್ತವೆ. ಸೆಕೆಗಾಲದಲ್ಲಿ ಎರಡು ವಾರದೊಳಗೆ ಬೆಳೆದು ಇನ್ನೊಂದು ನಾಯಿಗೆ ದಾಟಲು ಸಿದ್ಧವಾಗುತ್ತವೆ. ಕಚ್ಚಿಸಿಕೊಂಡ ನಾಯಿಯ ಮೈಯಲ್ಲಿ ಹುಳ ದೊಡ್ಡದಾಗಲು ಆರೇಳು ತಿಂಗಳು ಬೇಕು. ಆಮೇಲೆ ಐದರಿಂದ ಏಳು ವರ್ಷ ಬದುಕುತ್ತದೆ. ಹಾಗಾಗಿ ಮರಿಯಾಗಿದ್ದಾಗ ಕಚ್ಚಿದ ಸೊಳ್ಳೆಯ ಫಲ ಕಾಣೋದು ನಾಯಿ ಹರೆಯದಲ್ಲಿದ್ದಾಗ.

ತರೀಕೆರೆ, ಲಕ್ಕವಳ್ಳಿ ಕಡೆಯ ತೋಟಗಳಲ್ಲಿ ಭದ್ರಾ ನೀರು, ಬಸಿಗಾಲುವೆ, ಬಿದ್ದ ಹಾಳೆ ಇವೇ ಸೊಳ್ಳೆಗೆ ಸಾಕು. ಕಡೂರಿನದು ಒಣಸೀಮೆ ಅಂತ ನೆಮ್ಮದಿಯಿಂದ ಇರುವಂತಿಲ್ಲ. ತೆಂಗಿನ ಕರಟ, ಮುಚ್ಚಳವಿಲ್ಲದ ಡ್ರಮ್ಮು, ಮೂಲೆಗೆಸೆದ ಟೈರು ಅಲ್ಲೂ ಇವೆ. ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಅರ್ಧ ಕೆಲಸ ಆದಂತೆ.

ದಿಗಿಲು ಬೀಳುವ ಮುನ್ನ

ನಮ್ಮ ದೇಶದಲ್ಲಿ ಹೃದಯದ ಹುಳ ಹೆಚ್ಚಾಗಿ ಕಂಡಿರುವುದು ಈಶಾನ್ಯ ರಾಜ್ಯಗಳಲ್ಲಿ. ದಕ್ಷಿಣದಲ್ಲಿ ಹೆಚ್ಚಿರುವುದು ಅದರ ತಂಗಿ, ಡೈರೋಫೈಲೇರಿಯಾ ರೆಪೆನ್ಸ್. ಇದು ಚರ್ಮದಡಿ ಇರುತ್ತದೆ, ಹೃದಯದ ತಂಟೆಗೆ ಹೋಗೋದಿಲ್ಲ. ತುರಿಕೆಯೋ ಸಣ್ಣ ಗಂಟೋ ಕಾಣಬಹುದು, ಅಷ್ಟೇ. ಇದರ ಮರಿಗಳೂ ರಕ್ತದಲ್ಲೇ ಓಡಾಡುತ್ತವೆ. ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ಮರಿ ಕಂಡ ಮಾತ್ರಕ್ಕೆ ಹೃದಯದ ರೋಗ ಅನ್ನುವಂತಿಲ್ಲ. ಹೃದಯದ ಹೆಣ್ಣುಹುಳ ಇದೆಯೇ ಎಂದು ತಿಳಿಸುವ ಬೇರೆ ರಕ್ತಪರೀಕ್ಷೆ ಇದೆ, ಅದನ್ನೇ ಕೇಳಿ. ಹಾಗಂತ ತಂಗಿಯನ್ನು ಹಗುರವಾಗಿ ಕಾಣಬೇಡಿ. ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ಮನುಷ್ಯರ ಕಣ್ಣಿನಿಂದ ವೈದ್ಯರು ಈ ಹುಳ ತೆಗೆದದ್ದುಂಟು. ಅದನ್ನೂ ತರುವುದು ಸೊಳ್ಳೆಯೇ.

ಸುಸ್ತಿಗೆ ನಮ್ಮಲ್ಲಿ ಇನ್ನೂ ಸಾಮಾನ್ಯ ಕಾರಣ ಉಣ್ಣೆಯಿಂದ ಬರುವ ಜ್ವರ. ಒಸಡು ಬಿಳಿಚಿ, ಮೈ ಬಿಸಿಯಾಗಿ, ಊಟ ಬಿಟ್ಟರೆ ಮೊದಲ ಅನುಮಾನ ಅದರ ಮೇಲಿರಲಿ. ಕೊಟ್ಟಿಗೆ ನಾಯಿಗೆ ಮತ್ತೊಂದು ಹುಳವೂ ಉಂಟು: ಸಗಣಿ ಹುಳುವನ್ನು ತಿಂದಾಗ ಸೇರಿ, ಎದೆಯ ಮಹಾರಕ್ತನಾಳದ ಗೋಡೆ ಕೊರೆದು ಅನ್ನನಾಳದಲ್ಲಿ ಗಂಟು ಕಟ್ಟುವ ಸ್ಪೈರೋಸರ್ಕಾ. ನುಂಗಿದ್ದನ್ನು ಪದೇ ಪದೇ ಕಕ್ಕುವ ನಾಯಿಯಲ್ಲಿ ಇದನ್ನು ನೆನೆಯಬೇಕು. ಆ ರಕ್ತನಾಳ ಒಡೆದರೆ ನಾಯಿ ನಿಂತಲ್ಲೇ ಸಾಯುತ್ತದೆ, ಮನೆಯವರು ಹಾವು ಕಚ್ಚಿತು ಅಂದುಕೊಳ್ಳುತ್ತಾರೆ.

ದನದ ಬಾಟಲಿ ಮುಟ್ಟಬೇಡಿ

ಹೆಚ್ಚು ಅನಾಹುತ ಆಗೋದು ಇಲ್ಲೇ. 'ಐವರ್‌ಮೆಕ್ಟಿನ್ ಹುಳಕ್ಕೆ ಒಳ್ಳೇದು' ಅಂತ ದನ, ಕುರಿಗೆ ತಂದ ಬಾಟಲಿಯಿಂದಲೇ ನಾಯಿಗೆ ಚುಚ್ಚಿಬಿಡುತ್ತಾರೆ. ಲೆಕ್ಕ ನೋಡಿ. ಹೃದಯದ ಹುಳ ಬಾರದಂತೆ ತಿಂಗಳಿಗೊಮ್ಮೆ ಬೇಕಾದದ್ದು ಕಿಲೋ ತೂಕಕ್ಕೆ 6 ಮೈಕ್ರೋಗ್ರಾಂ. 20 ಕಿಲೋ ನಾಯಿಗೆ 120. ದನದ ಇಂಜೆಕ್ಷನ್ನಿನ ಒಂದು ಎಂ.ಎಲ್.ನಲ್ಲಿ 10,000 ಮೈಕ್ರೋಗ್ರಾಂ ಇರುತ್ತದೆ. ಅಂಥ 83 ನಾಯಿಗೆ ಸಾಕಾಗುವಷ್ಟು! ಇಷ್ಟು ಸಣ್ಣ ಪಾಲನ್ನು ಯಾವ ಸಿರಿಂಜೂ ಅಳೆಯದು. ಕಜ್ಜಿಗೆ ಕೊಡುವ ಪ್ರಮಾಣವೇ ಬೇರೆ, ಅದನ್ನು ಹೇಳಬೇಕಾದವರು ವೈದ್ಯರು. ಕಾಲಿ ಎಂಬ ವಿಲಾಯತಿ ಕುರಿನಾಯಿಯ ರಕ್ತ ಇರುವ ನಾಯಿಗಂತೂ ಪ್ರಮಾಣ ಮೀರಿದರೆ ಮೆದುಳಿಗೇ ಏರುತ್ತದೆ. ರಕ್ತದಲ್ಲಿ ಮರಿಹುಳ ತುಂಬಿರುವ ನಾಯಿಗೆ ಚುಚ್ಚಿದರೆ ಅವೆಲ್ಲ ಒಟ್ಟಿಗೆ ಸತ್ತು ನಾಯಿ ಕುಸಿಯಬಹುದು. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಔಷಧಿ.

ಬೆಳೆದ ಹುಳವನ್ನು ಕೊಲ್ಲುವ ಮೆಲಾರ್ಸೊಮೈನ್ ನಮ್ಮಲ್ಲಿ ಸುಲಭಕ್ಕೆ ಸಿಗದು. ವೈದ್ಯರು ಡಾಕ್ಸಿಸೈಕ್ಲಿನ್ ಮುಂತಾದ ಬೇರೆ ದಾರಿ ಹಿಡಿಯಬೇಕಾಗುತ್ತದೆ. ಯಾವ ದಾರಿಯಾದರೂ ಸತ್ತ ಹುಳದ ತುಂಡು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವ ಭಯ ಇದ್ದೇ ಇದೆ. ವೈದ್ಯರು ಬಿಡಿ ಅನ್ನೋತನಕ ನಾಯಿಯನ್ನು ನೆರಳಲ್ಲಿ ಕಟ್ಟಿಹಾಕಿ, ಹಂದಿ ಮಂಗ ಏನೇ ಬಂದರೂ ಓಡಿಸಬೇಡಿ.

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಪರೀಕ್ಷೆಗೆ ಅನುಕೂಲ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಬರೆಸಿಕೊಳ್ಳಿ. ನಾಯಿಯನ್ನು ನಡೆಸಿಕೊಂಡು ಹೋಗಬೇಡಿ, ಗಾಡಿಯಲ್ಲಿ ಒಯ್ಯಿರಿ. ಕೆಮ್ಮು ಯಾವ ತಿಂಗಳು ಶುರುವಾಯ್ತು ಅನ್ನೋದನ್ನು ಬರೆದಿಟ್ಟುಕೊಳ್ಳಿ. ಈಗಾಗಲೇ ಏನಾದರೂ ಚುಚ್ಚಿಸಿದ್ದರೆ ಆ ಬಾಟಲಿಯನ್ನೂ ಜೊತೆಗೆ ಇಟ್ಟುಕೊಳ್ಳಿ.