ಬೇರೂರುವ ಮುನ್ನ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯನ್ನು ಜನರು ಕಲ್ಪತರು ನಾಡೆಂದು ಕರೆಯುತ್ತಾರೆ. ಇಲ್ಲಿಯ ಕಲ್ಪತರುವೆಂದರೆ ತೆಂಗು. ತೆಂಗನ್ನು ಬೆಳೆಯುವ ರೈತನಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಸಸಿಮಡಿಯಲ್ಲಿ ಹಸಿರಾಗಿ ನಿಂತಿದ್ದ ಸಸಿಯನ್ನು ಕಿತ್ತು ತೋಟದ ಗುಂಡಿಯಲ್ಲಿ ನೆಟ್ಟೊಡನೆ ಅದು ಬೆಳೆಯತೊಡಗುವುದಿಲ್ಲ. ಕೆಲವು ಕಾಲ ಅದರ ಬೆಳವಣಿಗೆ ನಿಂತಂತೆ ತೋರುತ್ತದೆ. ಗರಿ ಬಾಡುತ್ತದೆ, ಹಳದಿಗೆ ತಿರುಗುತ್ತದೆ. ಆಗ ಯಾವ ರೈತನೂ, “ಇಷ್ಟು ಆಳದ ಗುಂಡಿ ತೋಡಿಸಿದೆ, ಗೊಬ್ಬರ ಹಾಕಿಸಿದೆ, ಇದಕ್ಕೆ ಉಪಕಾರಸ್ಮರಣೆಯೇ ಇಲ್ಲ” ಎಂದು ಸಸಿಯನ್ನು ನಿಂದಿಸುವುದಿಲ್ಲ. ಒಣಗರಿಗಳನ್ನು ಸುತ್ತಲೂ ನಿಲ್ಲಿಸಿ ಬಿಸಿಲಿಗೆ ಮರೆ ಮಾಡುತ್ತಾನೆ, ತಪ್ಪದೆ ನೀರೆರೆಯುತ್ತಾನೆ, ಕಾಯುತ್ತಾನೆ. ಬೇರು ಹೊಸ ಮಣ್ಣನ್ನು ಹಿಡಿದ ಮೇಲೆ ಸುಳಿ ತಾನಾಗಿಯೇ ಮೇಲೇಳುತ್ತದೆ.

ಗಿಡದ ವಿಷಯದಲ್ಲಿ ನಮಗಿರುವ ಈ ತಿಳಿವಳಿಕೆ ಮನುಷ್ಯನ ವಿಷಯದಲ್ಲಿ ಎಷ್ಟೋ ಸಲ ಇರುವುದಿಲ್ಲ. ಸಸಿಯು ತನ್ನ ಕಷ್ಟವನ್ನು ಗರಿಯ ಬಣ್ಣದಿಂದ ತಿಳಿಸುತ್ತದೆ. ಮನುಷ್ಯನು ಮಾತಿನಿಂದ ತಿಳಿಸುತ್ತಾನೆ. ಆ ಮಾತಿಗೆ ನಾವು ‘ದೂರು’ ಎಂದು ಹೆಸರಿಡುತ್ತೇವೆ. ‘ಗೊಣಗಾಟ’ ಎಂದು ಹಳಿಯುತ್ತೇವೆ. ಹೊಸ ನೆಲದಲ್ಲಿ ಕಾಲೂರಲು ಹೆಣಗುತ್ತಿರುವವರ ದೂರನ್ನು ನಾವು ಹೇಗೆ ಕೇಳಬೇಕು? ನಾವೇ ಹೊಸಬರಾದಾಗ ಅದನ್ನು ಹೇಗೆ ಹೇಳಬೇಕು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಪರಸ್ಥಳಕ್ಕೆ ಹೋಗಿ ನೆಲಸುವುದು ನಮ್ಮ ಹಳ್ಳಿಗಳಿಗೆ ಹೊಸ ಸಂಗತಿಯೇನೂ ಅಲ್ಲ. ಮದುವೆಯಾಗಿ ಗಂಡನ ಮನೆಗೆ ಹೋದ ಹೆಣ್ಣುಮಗಳೇ ನಮ್ಮ ಮೊದಲ ವಲಸೆಗಾರಳು. ಕೆರೆಯ ಕೆಳಗಿನ ಊರಿನಲ್ಲಿ ಬೆಳೆದವಳು ನೀರಿಗೆ ಮೈಲಿ ನಡೆಯಬೇಕಾದ ಊರನ್ನು ಸೇರುತ್ತಿದ್ದಳು. ಅಲ್ಲಿಯ ಅಡುಗೆಯ ರುಚಿ ಬೇರೆ, ಮಾತಿನ ಧಾಟಿ ಬೇರೆ, ಮನೆದೇವರು ಬೇರೆ. ಯಾರೊಡನೆಯೂ ಹೇಳಲಾರದ ಮಾತನ್ನು ಅವಳು ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಾಗಿ ಹೇಳಿಕೊಳ್ಳುತ್ತಿದ್ದಳು. ನಮ್ಮ ಜನಪದ ಸಾಹಿತ್ಯದ ಬೀಸುವ ಪದಗಳಲ್ಲಿ ತವರಿನ ಹಂಬಲಕ್ಕೂ ಅತ್ತೆಮನೆಯ ಮೇಲಿನ ದೂರಿಗೂ ದೊಡ್ಡ ಪಾಲು ಸಂದಿರುವುದು ಇದರಿಂದಲೇ. ಗೌರಿಹಬ್ಬಕ್ಕೆ ಅಣ್ಣನು ಕರೆಯಲು ಬಂದಾಗ ಆ ದೂರಿಗೆ ಕಿವಿಯೊಂದು ದೊರಕುತ್ತಿತ್ತು. ತವರಿನಲ್ಲಿ ನಾಲ್ಕು ದಿನ ಮನಬಿಚ್ಚಿ ಮಾತನಾಡಿ ಹಗುರಾದವಳು ಮತ್ತೆ ತನ್ನ ಮನೆಗೆ ಮರಳುತ್ತಿದ್ದಳು. ದೂರನ್ನು ಕೇಳುವವರೊಬ್ಬರು ಇರಬೇಕೆಂಬುದನ್ನು ನಮ್ಮ ಹಿರಿಯರು ಹಬ್ಬದ ಸಂಪ್ರದಾಯದಲ್ಲಿಯೇ ಅಳವಡಿಸಿದ್ದರು.

ಈಗ ಊರು ಬಿಡುವವರ ದಾರಿ ಬಹಳ ದೂರದವರೆಗೆ ಚಾಚಿದೆ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿಪೀಡೆ ತಗುಲಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿ, ಫಲ ಕೊಡುತ್ತಿದ್ದ ಮರಗಳ ಸುಳಿಯೇ ಒಣಗಿತು. ತೋಟವೊಂದನ್ನೇ ನಂಬಿದ್ದ ಮನೆಗಳ ಮಕ್ಕಳು ಬೆಂಗಳೂರಿನ ಬಸ್ಸು, ರೈಲು ಹತ್ತಿದರು. ಓದು ಮುಂದುವರಿದವರಲ್ಲಿ ಕೆಲವರು ಕಡಲಾಚೆಯ ದೇಶಗಳಿಗೂ ಹೋದರು. ಸುಲಿಯದ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ಒಳಗಿನ ನೀರು ಇಂಗಿ ಗಿಟುಕು ಅಲುಗಾಡುವವರೆಗೆ ಕಾದು, ಸುಲಿಸಿ, ಒಡೆಸಿ, ತಿಪಟೂರಿನ ಮಾರುಕಟ್ಟೆಗೆ ಒಯ್ದು ಪಡೆದ ಹಣವೇ ಅಂತಹ ಎಷ್ಟೋ ಮಕ್ಕಳ ಶುಲ್ಕವಾಯಿತು.

ನನ್ನ ಶಿಷ್ಯನೊಬ್ಬನು ಹೀಗೆಯೇ ಕೆನಡಾ ದೇಶಕ್ಕೆ ಓದಲು ಹೋದನು. ತುರುವೇಕೆರೆಯ ಕಡೆಯ ಸಣ್ಣ ಹಿಡುವಳಿದಾರರ ಮನೆಯ ಹುಡುಗ. ಹೋದ ಮೂರನೆಯ ತಿಂಗಳಲ್ಲಿ ಅವನು ನನಗೊಂದು ದೀರ್ಘವಾದ ಪತ್ರವನ್ನು ಬರೆದನು. ಮಧ್ಯಾಹ್ನ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ; ಹಿಮದ ಮೇಲೆ ನಡೆಯಲು ಬಾರದೆ ಎರಡು ಸಲ ಬಿದ್ದೆ; ನೆಲಮಾಳಿಗೆಯ ಒಂದು ಕೋಣೆಯಲ್ಲಿ ನಾಲ್ವರಿದ್ದೇವೆ; ಊಟದ ಹೊತ್ತಿಗೆ ಮುದ್ದೆಯ ನೆನಪಾಗುತ್ತದೆ; ನನ್ನ ಹೆಸರನ್ನು ಅಲ್ಲಿ ಯಾರೂ ಸರಿಯಾಗಿ ಉಚ್ಚರಿಸುವುದಿಲ್ಲ, ನಾನು ಬಾಯಿ ತೆರೆದರೆ ಕೆಲವರು ನಗುತ್ತಾರೆ; ರಾತ್ರಿ ಪಾತ್ರೆ ತೊಳೆಯುವ ಅಂಗಡಿಯಲ್ಲಿ ಒಂದು ತಿಂಗಳ ಕೂಲಿಯನ್ನು ಕೊಟ್ಟಿಲ್ಲ. ಹೀಗೆ ಪತ್ರದ ತುಂಬ ದೂರುಗಳೇ. ಕೊನೆಯಲ್ಲಿ ಒಂದು ಮಾತು ಇದ್ದಿತು: “ಇದನ್ನೆಲ್ಲ ಮನೆಯಲ್ಲಿ ಹೇಳುವಂತಿಲ್ಲ, ಗುರುಗಳೇ. ಒಮ್ಮೆ ಹೇಳಿದೆ. ಮತ್ತೆ ಹೇಳಲಾರೆ.”

ಅವನು ಒಮ್ಮೆ ಹೇಳಿದಾಗ ಆದದ್ದೇನು? ದೂರವಾಣಿಯಲ್ಲಿ ತಂದೆಯು, “ಎರಡು ವರ್ಷದ ಕೊಬ್ಬರಿ ಮಾರಿ, ಮೇಲೆ ಸಾಲ ಮಾಡಿ ಕಳಿಸಿದ್ದೀವಿ ಕಣಪ್ಪ. ಅಲ್ಲಿಗೆ ಹೋಗೋದಕ್ಕೆ ಎಷ್ಟು ಜನ ಕಾಯ್ತಾ ಇದ್ದಾರೆ. ನೀನು ನೋಡಿದರೆ ಚಳಿ ಅಂತೀಯ” ಎಂದರಂತೆ. ತಂದೆಯದು ನಿಷ್ಠುರದ ಮಾತಲ್ಲ. ಸಾಲದ ಭಾರ ಆಡಿಸಿದ ಮಾತು. ಆದರೆ ಅಂದಿನಿಂದ ಹುಡುಗನು ಮನೆಗೆ, “ಚೆನ್ನಾಗಿದ್ದೇನೆ” ಎಂಬ ಒಂದೇ ಮಾತನ್ನು ಹೇಳತೊಡಗಿದನು. ಮನೆಯವರು ಅದನ್ನು ನಂಬಿದರು. ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಒಬ್ಬನೇ ಕುಗ್ಗುತ್ತಿದ್ದ ಮಗನ ಸ್ಥಿತಿಯು ಹೆತ್ತವರಿಗೆ ತಿಳಿಯದೆ ಹೋಯಿತು. ದೂರುವವನಿಗಿಂತ ದೂರುವುದನ್ನು ನಿಲ್ಲಿಸಿದವನ ಬಗೆಗೆ ನಾವು ಹೆಚ್ಚು ಚಿಂತಿಸಬೇಕು.

ಆ ಪತ್ರವನ್ನು ಎರಡನೆಯ ಸಲ ಓದಿದಾಗ ಅದರಲ್ಲಿ ಮೂರು ಬಗೆಯ ದೂರುಗಳಿರುವುದು ನನಗೆ ಕಂಡಿತು. ಚಳಿ, ಕತ್ತಲೆ, ಊಟ, ಇವು ಶರೀರದ ದೂರುಗಳು. ಇವಕ್ಕೆ ಕಾಲವೇ ಬಹುಮಟ್ಟಿಗೆ ಮದ್ದು; ಒಳ್ಳೆಯ ಉಡುಪು, ನಾಲ್ಕು ಜನ ಕೂಡಿ ಮಾಡಿದ ಅಡುಗೆ ಅದಕ್ಕೆ ಸಹಾಯಕ. ಹೆಸರನ್ನು ಕೆಡಿಸಿ ಕರೆಯುವುದು, ಮಾತಿಗೆ ನಗುವುದು, ಇವು ಮನಸ್ಸಿನ ದೂರುಗಳು. ಇವಕ್ಕೆ ಸ್ನೇಹ ಬೇಕು. ಹೊಸ ಭಾಷೆಯನ್ನು ಕಲಿಯುವ ಪ್ರಯತ್ನವೂ ಬೇಕು. ಮಾಡಿದ ಕೆಲಸಕ್ಕೆ ಕೂಲಿ ಕೊಡದಿರುವುದು ಮೂರನೆಯ ಬಗೆಯದು. ಅದು ನ್ಯಾಯದ ದೂರು. ಅದನ್ನು ‘ಹೊಂದಿಕೊಂಡು ಹೋಗು’ ಎಂದು ಸಹಿಸಬಾರದು. ಅದನ್ನು ಕೇಳಬೇಕಾದ ಕಚೇರಿಗೆ ಒಯ್ಯಬೇಕು. ಮೂರನ್ನೂ ಒಂದೇ ರಾಶಿ ಮಾಡಿ ದೂರುವವನಿಗೆ ಪರಿಹಾರ ಸಿಗುವುದಿಲ್ಲ. ಮೂರನ್ನೂ ಒಂದೇ ಮಾತಿನಿಂದ ತಳ್ಳಿಹಾಕುವವನು ನ್ಯಾಯವಂತನಾಗುವುದಿಲ್ಲ. ನಾನು ಇದನ್ನೇ ಅವನಿಗೆ ಬರೆದೆನು.

ನ್ಯಾಯದ ದೂರನ್ನು ಹೇಗೆ ಹೇಳಬೇಕೆಂಬುದಕ್ಕೆ ಗಾಂಧೀಜಿಯವರ ಬಾಳಿನಲ್ಲಿ ಒಂದು ಮೇಲ್ಪಂಕ್ತಿಯಿದೆ. 1893ರಲ್ಲಿ ಅವರು ಮೊಕದ್ದಮೆಯೊಂದರ ಕೆಲಸದ ಮೇಲೆ ದಕ್ಷಿಣ ಆಫ್ರಿಕಕ್ಕೆ ಹೋದರು. ಆಗ ಅವರಿಗೆ 23 ವರ್ಷ ವಯಸ್ಸು. ಮೊದಲನೆಯ ದರ್ಜೆಯ ಟಿಕೆಟ್ಟು ಕೈಯಲ್ಲಿದ್ದರೂ ಪೀಟರ್‌ಮ್ಯಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರದಬ್ಬಿದರು. ಚಳಿಯಲ್ಲಿ ನಡುಗುತ್ತ ರಾತ್ರಿ ಕಳೆದ ಅವರು, ಹಿಂದಿರುಗಿ ಹೋಗಿಬಿಡಲೆ ಎಂದೂ ಯೋಚಿಸಿದರು. ಬೆಳಗಾದ ಮೇಲೆ ರೈಲ್ವೆಯ ಮುಖ್ಯಾಧಿಕಾರಿಗೆ ತಂತಿ ಕಳುಹಿಸಿದರು. ಮುಂದಿನ ಪ್ರಯಾಣವನ್ನು ಕೈಗೊಂಡರು. ಪ್ರಿಟೋರಿಯ ನಗರವನ್ನು ಸೇರಿ ಅಲ್ಲಿಯ ಭಾರತೀಯರ ಸಭೆ ಕರೆದು, ತಮ್ಮ ಕಷ್ಟಗಳನ್ನು ಅಧಿಕಾರಿಗಳ ಮುಂದಿಡಲು ಸಂಘವೊಂದನ್ನು ಕಟ್ಟಬೇಕೆಂದರು. ಆದರೆ ಅದೇ ಭಾಷಣದಲ್ಲಿ, ವ್ಯಾಪಾರದಲ್ಲಿ ಸತ್ಯವನ್ನು ಬಿಡಬಾರದು, ನಮ್ಮ ವಾಸಸ್ಥಳಗಳನ್ನು ಶುಚಿಯಾಗಿಟ್ಟುಕೊಳ್ಳಬೇಕು ಎಂದೂ ಹೇಳಿದರು. ಇಂಗ್ಲಿಷ್ ಬಾರದವರಿಗೆ ತಾವೇ ಕಲಿಸಲು ಮುಂದಾದರು. ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಕಾರ ಅವರ ವಿದ್ಯಾರ್ಥಿಗಳಾದರು. 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪನೆಯಾಯಿತು. ಒಬ್ಬೊಬ್ಬರ ನಿಟ್ಟುಸಿರಾಗಿದ್ದ ದೂರು ಸಾವಿರಾರು ಜನರ ಮನವಿಯಾಯಿತು. ಎದುರಿನವರ ಅನ್ಯಾಯವನ್ನು ಮುಚ್ಚಿಡದೆ, ತಮ್ಮ ಕೊರತೆಯನ್ನೂ ಮರೆಯದೆ ಹೇಳುವ ದೂರಿಗೆ ಬಲ ಬರುತ್ತದೆ.

ಇನ್ನು, ಹೊಸ ನೆಲದಲ್ಲಿ ಬೇರೂರುವುದೆಂದರೆ ಹಳೆಯದನ್ನು ಮರೆಯುವುದೆ? ಇದಕ್ಕೆ ಉತ್ತರವನ್ನು ಕಾಣಲು ಕಡಲು ದಾಟಬೇಕಾಗಿಲ್ಲ. ನಮ್ಮ ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಹೋದರೆ ಸಾಕು. 1959ರ ಅನಂತರ ಟಿಬೆಟ್ಟಿನಿಂದ ನಿರಾಶ್ರಿತರಾಗಿ ಬಂದವರ ಮೊದಲ ತಂಡಗಳು 1960ರ ಕೊನೆಯ ವೇಳೆಗೆ ಅಲ್ಲಿಗೆ ತಲುಪಿದವು. ಹಿಮದ ನಾಡಿನವರಿಗೆ ಇಲ್ಲಿಯ ಬಿಸಿಲು ತಡೆಯಲಾಗಲಿಲ್ಲ. ವಾಸಕ್ಕೆ ಡೇರೆಗಳು, ಕೆಲಸವೆಂದರೆ ಕಾಡು ಕಡಿದು ಹೊಲ ಮಾಡುವುದು. ಬೆಳೆದದ್ದನ್ನು ಆನೆಗಳು ತುಳಿಯುತ್ತಿದ್ದವು. ಹೊಸ ಹವೆಯಲ್ಲಿ ರೋಗಗಳು ಕಾಡಿದವು. ಕೆನಡಾದ ಚಳಿಯನ್ನು ದೂರುವ ನಮ್ಮ ಹುಡುಗನಿಗೂ, ನಮ್ಮ ಬಿಸಿಲನ್ನು ದೂರಿದ ಆ ಜನರಿಗೂ ಏನು ವ್ಯತ್ಯಾಸ? ಒಬ್ಬರಿಗೆ ತವರಿನ ಹವೆ, ಇನ್ನೊಬ್ಬರಿಗೆ ಸಹಿಸಲಾಗದ ಹವೆ. ಕ್ರಮೇಣ ಅವರು ಮೆಕ್ಕೆಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ಶಾಲೆಗಳನ್ನೂ ವಿಹಾರಗಳನ್ನೂ ನಿರ್ಮಿಸಿದರು. ಅಲ್ಲಿ ಹುಟ್ಟಿದ ಅನೇಕರು ಸುತ್ತಲಿನ ರೈತರೊಡನೆ ಕನ್ನಡದಲ್ಲಿಯೇ ವ್ಯವಹರಿಸುತ್ತಾರೆ. ಮನೆಯೊಳಗೆ ತಮ್ಮ ನುಡಿಯನ್ನೂ ತಮ್ಮ ಹಬ್ಬಗಳನ್ನೂ ಉಳಿಸಿಕೊಂಡಿದ್ದಾರೆ. ಹೊಸ ಮಣ್ಣನ್ನು ಹಿಡಿಯಲು ತೆಂಗು ತನ್ನ ತಳಿಯನ್ನು ಬಿಡಬೇಕಾಗಿಲ್ಲವಷ್ಟೆ.

ಆದರೂ ದೂರುವುದಕ್ಕೆ ಒಂದು ಎಲ್ಲೆಯುಂಟು. ವರ್ಷಗಳು ಕಳೆದರೂ ‘ನಮ್ಮೂರಿನಲ್ಲಿ ಹೀಗಿರಲಿಲ್ಲ’ ಎಂಬುದನ್ನೇ ಹೇಳುತ್ತ, ನೆರೆಯವನ ಹೆಸರನ್ನೂ ಕೇಳಿ ತಿಳಿಯದೆ ಕುಳಿತವನು ತನ್ನ ಬೇರಿಗೆ ತಾನೇ ಬೇಲಿ ಹಾಕಿಕೊಳ್ಳುತ್ತಾನೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಹೋಗುವಾಗ ಎಷ್ಟು ನಿಜವೋ, ಹೋದ ಮೇಲೆ ಹಿಂದಿರುಗಿ ನೋಡುವಾಗಲೂ ಅಷ್ಟೇ ನಿಜ. ಬಿಟ್ಟುಬಂದ ಊರು ದೂರದಿಂದ ನುಣ್ಣಗೆ ಕಾಣುತ್ತದೆ. ಅಲ್ಲಿಯ ಬತ್ತಿದ ಬಾವಿ ಮರೆತುಹೋಗುತ್ತದೆ.

ನನ್ನ ಶಿಷ್ಯನು ಆ ಪ್ರಾಂತದ ಸರ್ಕಾರದ ಕಾರ್ಮಿಕ ಕಚೇರಿಗೆ ಅರ್ಜಿ ಬರೆದನು. ಕೆಲವು ತಿಂಗಳ ಮೇಲೆ ಕೂಲಿಯ ಹಣ ಬಂದಿತು. ಆ ಊರಿನ ಕನ್ನಡಿಗರ ಪರಿಚಯವಾಯಿತು. ಹಿರಿಯರಾದ ತಾಯಿಯೊಬ್ಬರು ರಾಗಿಹಿಟ್ಟನ್ನು ಕೊಟ್ಟು ಕಳುಹಿಸಿದರಂತೆ. ಚಳಿ ಮಾತ್ರ ಹಾಗೆಯೇ ಇದೆಯೆಂದು ಅವನು ಈಗಲೂ ಬರೆಯುತ್ತಾನೆ. ಬರೆಯಲಿ, ಅವನು ಬರೆಯುತ್ತಿರುವವರೆಗೆ ನನಗೆ ನೆಮ್ಮದಿ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಊರು ಬಿಟ್ಟು ಹೋಗುವಿರಿ. ಆದರೆ ನಿಮ್ಮ ಊರಿಗೇ ಹೊಸಬರಾಗಿ ಬಂದವರು ಇಂದೇ ನಿಮ್ಮ ನಡುವೆ ಇರಬಹುದು. ಉತ್ತರ ಕರ್ನಾಟಕದ ಬಯಲಿನಿಂದಲೋ, ಹೊರ ರಾಜ್ಯದಿಂದಲೋ ದುಡಿಮೆಗಾಗಿ ಬಂದವರ ಮಕ್ಕಳು ನಿಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರಬಹುದು. ಅವರ ಮಾತಿನ ಧಾಟಿಗೆ ನೀವು ನಗುತ್ತೀರೋ, ಅವರ ಹೆಸರನ್ನು ಸರಿಯಾಗಿ ಕೇಳಿ ಕಲಿಯುತ್ತೀರೋ ಎಂಬುದು ನಿಮ್ಮ ಕೈಯಲ್ಲಿದೆ. ಅವರು ಒಂದು ದಿನ, “ನಿಮ್ಮೂರಿನ ಊಟ ನನಗೆ ಸೇರುವುದಿಲ್ಲ” ಎಂದರೆ ಸಿಟ್ಟಾಗಬೇಡಿ. ನಿಮ್ಮನ್ನು ಗೆಳೆಯರೆಂದು ಬಗೆದುದರಿಂದಲೇ ಅವರು ಹಾಗೆ ಹೇಳಿದರೆಂದು ತಿಳಿಯಿರಿ.

ಶಬ್ದಾರ್ಥ

ಸಸಿಮಡಿ – ಸಸಿಗಳನ್ನು ಬೆಳೆಸುವ ಪಾತಿ
ಸುಳಿ – ಮರದ ತುದಿಯ ಎಳೆಯ ಗರಿ
ಗಿಟುಕು – ಒಡೆಯದ ಉಂಡೆ ಕೊಬ್ಬರಿ
ಹಳಿ – ನಿಂದಿಸು
ಮೇಲ್ಪಂಕ್ತಿ – ಅನುಸರಿಸತಕ್ಕ ಮಾದರಿ
ಧಾಟಿ – ರೀತಿ

ಅಭ್ಯಾಸ

1. ನೆಟ್ಟ ಸಸಿ ಬಾಡಿದಾಗ ರೈತನು ಏನು ಮಾಡುತ್ತಾನೆ?
2. ಬೀಸುವ ಪದಗಳಿಗೂ ಗೌರಿಹಬ್ಬಕ್ಕೂ ಲೇಖಕರು ಕಲ್ಪಿಸಿರುವ ಸಂಬಂಧವೇನು?
3. ಲೇಖಕರು ಗುರುತಿಸಿದ ಮೂರು ಬಗೆಯ ದೂರುಗಳಾವುವು? ಒಂದೊಂದಕ್ಕೂ ಪರಿಹಾರವೇನು?
4. “ಇದನ್ನೆಲ್ಲ ಮನೆಯಲ್ಲಿ ಹೇಳುವಂತಿಲ್ಲ, ಗುರುಗಳೇ.” ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.
5. ಪ್ರಿಟೋರಿಯದ ಸಭೆಯಲ್ಲಿ ಗಾಂಧೀಜಿಯವರು ಕೊಟ್ಟ ಸಲಹೆಗಳಾವುವು?
6. ನಿಮ್ಮ ಊರಿಗೆ ಬೇರೆ ಕಡೆಯಿಂದ ಬಂದು ನೆಲಸಿದವರೊಬ್ಬರನ್ನು ಮಾತನಾಡಿಸಿ, ಅವರು ಹೇಳಿದ್ದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.