ಎಳೆಗರುವಿನ ಕಾಲು ಉಳಿಸೋಣ

ನಾವೆಲ್ಲ ಹಳೇಬೀಡಿನ ಗುಡಿ ನೋಡಿದ್ದೇವೆ. ಹೊಯ್ಸಳೇಶ್ವರ ಗುಡಿಯ ಗೋಡೆಯ ಕೆಳಭಾಗವನ್ನು ನೆನಪು ಮಾಡಿಕೊಳ್ಳೋಣ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಸಿಂಹಗಳ ಸಾಲು. ಅದರ ಮೇಲೆ ಬಳ್ಳಿಯ ಸಾಲು. ಇನ್ನೂ ಮೇಲೆ ಕುದುರೆ ಸವಾರರ ಸಾಲು. ಗುಡಿಯ ಮುಂದೆ ದೊಡ್ಡ ನಂದಿ ಇದೆ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕಲ್ಲಿನ ಕುದುರೆಗೆ ಜ್ವರ ಬರುವುದಿಲ್ಲ. ಕಲ್ಲಿನ ಬಸವ ಕುಂಟುವುದಿಲ್ಲ. ನಮ್ಮ ಕೊಟ್ಟಿಗೆಯ ಕರು ಹಾಗಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಅದರ ಕಾಲಿನ ಕೀಲು ಊದಬಹುದು. ಆಗ ತಡ ಮಾಡಿದರೆ ಕರು ಜೀವನವಿಡೀ ಕುಂಟುತ್ತದೆ. ಕೆಲವು ಕರು ಸತ್ತೇ ಹೋಗುತ್ತವೆ.

ನಮ್ಮ ಸೀಮೆಯಲ್ಲಿ ಕಾಲೇ ದನದ ಬೆಲೆ. ಹಳ್ಳಿಕಾರ್ ಎತ್ತು ಕೊಳ್ಳುವವರು ಮೊದಲು ಅದನ್ನು ನಡೆಸಿ ನೋಡುತ್ತಾರೆ. ಅಮೃತ ಮಹಲ್ ದನ ಹೆಸರುವಾಸಿಯಾದದ್ದೂ ಅದರ ನಡಿಗೆಯಿಂದಲೇ. ಮೈಸೂರು ಅರಸರ ಕಾಲದಲ್ಲಿ ಈ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಈ ಎತ್ತುಗಳು ಸೈನ್ಯದ ತೋಪು, ಸಾಮಾನು ಎಳೆದವು. ಅಂಥ ಎತ್ತೂ ಒಂದು ದಿನ ನಡುಗುವ ಕಾಲಿನ ಎಳೆಗರುವೇ ಆಗಿತ್ತು.

ಹಾಲಿನ ಹಸುವಿಗೂ ಕಾಲು ಬೇಕು. ಕುಂಟುವ ಹಸು ಸರಿಯಾಗಿ ಮೇಯುವುದಿಲ್ಲ. ಮೇಯದ ಹಸು ಹಾಲು ಕೊಡುವುದಿಲ್ಲ.

ರೋಗ ಬರುವ ದಾರಿ

ಕಾಲಿನ ರೋಗ ಕಾಲಿನಿಂದಲೇ ಶುರುವಾಗುತ್ತದೆ ಅಂತ ನಾವು ತಿಳಿಯುತ್ತೇವೆ. ಎಳೆಗರುವಿನಲ್ಲಿ ಅದು ಹೆಚ್ಚಾಗಿ ಹೊಕ್ಕುಳಿನಿಂದ ಶುರುವಾಗುತ್ತದೆ.

ಹೊಟ್ಟೆಯೊಳಗೆ ಇದ್ದಾಗ ಕರುವಿಗೆ ಆಹಾರ ಬರುವುದು ಹೊಕ್ಕುಳ ಬಳ್ಳಿಯಿಂದ. ಕರು ಹುಟ್ಟಿದಾಗ ಬಳ್ಳಿ ಹರಿಯುತ್ತದೆ. ಹರಿದ ತುದಿ ಹಸಿಯಾಗಿರುತ್ತದೆ. ಅದು ಬಾಗಿಲು ತೆರೆದ ಮನೆಯ ಹಾಗೆ. ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಇರುತ್ತವೆ. ಅವು ಈ ಬಾಗಿಲಿನಿಂದ ಒಳಗೆ ಹೋಗುತ್ತವೆ. ರಕ್ತದಲ್ಲಿ ಸೇರಿ ಕೀಲುಗಳಿಗೆ ಹೋಗಿ ಕೂರುತ್ತವೆ. ಕೀಲಿನಲ್ಲಿ ಕೀವು ತುಂಬುತ್ತದೆ.

ಮೂಳೆಯ ತುದಿಯಲ್ಲಿ ನುಣುಪಾದ ಪದರ ಇರುತ್ತದೆ. ಅದು ಇರುವುದರಿಂದಲೇ ಕೀಲು ಸಲೀಸಾಗಿ ಮಡಚುತ್ತದೆ. ಕೀವು ಈ ಪದರವನ್ನು ತಿಂದುಹಾಕುತ್ತದೆ. ತಿಂದುಹೋದ ಪದರ ಮತ್ತೆ ಮೊದಲಿನ ಹಾಗೆ ಬೆಳೆಯುವುದಿಲ್ಲ. ಆದ್ದರಿಂದ ಇಲ್ಲಿ ವಾರದ ಲೆಕ್ಕ ನಡೆಯದು. ಗಂಟೆಗಳ ಲೆಕ್ಕ ಹಾಕಬೇಕು.

ಮೊದಲ ದಿನದ ನಾಲ್ಕು ಕೆಲಸ

1. ಒಣ ಜಾಗ. ಹಸು ಈಯುವ ಜಾಗವನ್ನು ಮೊದಲೇ ಗುಡಿಸಿ ಒಣಗಿಸಬೇಕು. ಒಣ ಹುಲ್ಲು ಹರಡಬೇಕು. ಒದ್ದೆಯಾದ ಹುಲ್ಲನ್ನು ಆಗಾಗ ಬದಲಿಸಬೇಕು.

2. ಹೊಕ್ಕುಳಿಗೆ ಔಷಧಿ. ಮೊದಲು ಕೈಯನ್ನು ಸೋಪಿನಿಂದ ತೊಳೆಯಬೇಕು. ಬಳ್ಳಿ ತೀರಾ ಉದ್ದವಾಗಿ ನೆಲಕ್ಕೆ ತಾಗುತ್ತಿದ್ದರೆ, ಹೊಟ್ಟೆಯಿಂದ ಎರಡು ಅಂಗುಲ ಬಿಟ್ಟು ಶುದ್ಧವಾದ ದಾರದಿಂದ ಕಟ್ಟಬೇಕು. ಕಟ್ಟಿನ ಕೆಳಗೆ ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಆಮೇಲೆ ಚಿಕ್ಕ ಲೋಟದಲ್ಲಿ ಟಿಂಚರ್ ಅಯೋಡಿನ್ ಹಾಕಿ, ಬಳ್ಳಿಯ ತುದಿ ಪೂರ್ತಿ ಮುಳುಗುವಂತೆ ಹಿಡಿಯಬೇಕು. ದಿನಕ್ಕೆ ಎರಡು ಸಲ, ಎರಡು ಮೂರು ದಿನ ಹೀಗೆ ಮಾಡಬೇಕು. ಸಗಣಿ, ಬೂದಿ, ಸೀಮೆಎಣ್ಣೆ ಹಚ್ಚಬಾರದು.

3. ಗಿಣ್ಣು ಹಾಲು. ತಾಯಿಯ ಹೊಟ್ಟೆಯಲ್ಲಿದ್ದಾಗ ಕರುವಿಗೆ ರೋಗ ತಡೆಯುವ ಶಕ್ತಿ ಬಂದಿರುವುದಿಲ್ಲ. ಅದು ಗಿಣ್ಣಿನಿಂದಲೇ ಬರಬೇಕು. ಕರುವಿನ ಕರುಳು ಈ ಶಕ್ತಿಯನ್ನು ಹೀರುವುದು ಮೊದಲ ದಿನ ಮಾತ್ರ. ಗಂಟೆ ಕಳೆದ ಹಾಗೆ ಹೀರುವುದು ಕಡಿಮೆ ಆಗುತ್ತದೆ. ಆದ್ದರಿಂದ ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣು ಕುಡಿಸಲೇಬೇಕು. ಕರುವಿನ ತೂಕದ ಹತ್ತರಲ್ಲಿ ಒಂದು ಭಾಗದಷ್ಟು ಗಿಣ್ಣು ಮೊದಲ ದಿನ ಬೇಕು. 20 ಕಿಲೋ ಕರುವಿಗೆ 2 ಲೀಟರ್. 30 ಕಿಲೋ ಕರುವಿಗೆ 3 ಲೀಟರ್. ಒಂದೇ ಸಲಕ್ಕೆ ಬೇಡ, ಮೂರು ನಾಲ್ಕು ಸಲ ಕುಡಿಸಬೇಕು.

4. ಕಾಲು ನೋಡುವುದು. ಕರು ಎದ್ದು ನಿಂತ ಮೇಲೆ ನಾಲ್ಕೂ ಕಾಲುಗಳನ್ನು ಕೈಯಿಂದ ಸವರಿ ನೋಡಬೇಕು. ಮುಂಗಾಲಿನ ಮಂಡಿ, ಹಿಂಗಾಲಿನ ಮಂಡಿ, ಗೊರಸಿನ ಮೇಲಿನ ಗೆಣ್ಣು ನೋಡಬೇಕು. ಆಮೇಲೆ ಒಂದು ತಿಂಗಳು ದಿನವೂ ನೋಡಬೇಕು.

ಅತ್ತೆ ಸೊಸೆ ಮಾತು

ಗಿಣ್ಣಿನ ವಿಚಾರದಲ್ಲಿ ನಮ್ಮ ಮನೆಗಳಲ್ಲಿ ಹೀಗೆ ಮಾತು ನಡೆಯುತ್ತದೆ.

ಅತ್ತೆ: ಕಸ ಇನ್ನೂ ಬಿದ್ದಿಲ್ಲ ಕಣೇ. ಕಸ ಬೀಳೋ ತನಕ ಕರೂನ ಕೆಚ್ಚಲಿಗೆ ಬಿಡಬೇಡ.

ಸೊಸೆ: ಹಾಗಲ್ಲ ಅತ್ತೆ. ಕರು ಚೀಪಿದ್ರೆ ಗರ್ಭಕೋಶ ಬಿಗಿಯಾಗಿ ಕಸ ಬೀಳೋಕೆ ಸಹಾಯ ಆಗ್ತದೆ ಅಂತ ಡಾಕ್ಟ್ರು ಹೇಳಿದ್ರು.

ಅತ್ತೆ: ಅಷ್ಟು ಗಿಣ್ಣು ಕುಡಿದ್ರೆ ಕರೂಗೆ ಭೇದಿ ಆಗಲ್ವೇನೇ?

ಸೊಸೆ: ಒಂದೇ ಸಲ ಕುಡಿಸಲ್ಲ ಅತ್ತೆ. ಸ್ವಲ್ಪ ಸ್ವಲ್ಪ ಕುಡಿಸ್ತೀನಿ. ಗಿಣ್ಣು ಕುಡಿಯದ ಕರೂಗೇ ರೋಗ ಜಾಸ್ತಿ.

ಅತ್ತೆ: ಮತ್ತೆ ಕೇರಿಯವರಿಗೆ ಗಿಣ್ಣು ಹಂಚೋದು ಬೇಡ್ವಾ?

ಸೊಸೆ: ಮೊದಲು ಕರು ಕುಡೀಲಿ. ಮಿಕ್ಕಿದ್ದಕ್ಕೆ ಬೆಲ್ಲ ಹಾಕಿ ಗಿಣ್ಣು ಮಾಡಿ ಹಂಚೋಣ.

ಸೊಸೆಯ ಮಾತು ಸರಿ. ಗಿಣ್ಣು ಮೊದಲು ಕರುವಿನ ಪಾಲು. ಆಮೇಲೆ ನಮ್ಮ ಪಾಲು.

ಮೂರು ತೊಂದರೆ, ಮೂರು ದಾರಿ

ಕಾಲಿನ ತೊಂದರೆ ಎಲ್ಲ ಒಂದೇ ಅಲ್ಲ. ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಕೆಡುಕು ಮಾಡಬಹುದು.

ಒಂದು, ಕೀಲು ಬಾವು. ಕೀಲು ಊದಿರುತ್ತದೆ. ಮುಟ್ಟಿದರೆ ಬಿಸಿ. ಕರು ಕಾಲು ಊರುವುದಿಲ್ಲ. ಮಂಕಾಗಿ ಮಲಗುತ್ತದೆ. ಸರಿಯಾಗಿ ಹಾಲು ಕುಡಿಯುವುದಿಲ್ಲ. ಮೈಶಾಖ 103 ಡಿಗ್ರಿ ದಾಟಿರಬಹುದು. ಹೊಕ್ಕುಳು ದಪ್ಪವಾಗಿ, ಕೀವು ಬಂದು, ವಾಸನೆ ಇರಬಹುದು. ಕೆಲವು ಸಲ ಹೊಕ್ಕುಳು ಒಣಗಿದ ಹಾಗೆ ಕಂಡರೂ ಒಳಗೆ ಕೀವು ಇರುತ್ತದೆ. ಇದಕ್ಕೆ ಅದೇ ದಿನ ಪಶುವೈದ್ಯರು ಬೇಕು. ಈ ಕಾಲಿಗೆ ಪಟ್ಟಿ ಬಿಗಿಯಬಾರದು. ತಿಕ್ಕಬಾರದು. ಕರುವನ್ನು ಬಲವಂತವಾಗಿ ನಡೆಸಬಾರದು.

ಎರಡು, ಮಡಚಿದ ಕಾಲು. ಕೆಲವು ಕರು ಹುಟ್ಟುವಾಗಲೇ ಗೆಣ್ಣು ಮುಂದಕ್ಕೆ ಮಡಚಿರುತ್ತದೆ. ಕಾಲಿನ ಹಿಂದಿನ ನರ ಗಿಡ್ಡವಾಗಿರುವುದೇ ಕಾರಣ. ಕೀಲು ಬಿಸಿ ಇರುವುದಿಲ್ಲ. ಜ್ವರ ಇರುವುದಿಲ್ಲ. ಕರು ಚುರುಕಾಗಿ ಹಾಲು ಕುಡಿಯುತ್ತದೆ. ಸ್ವಲ್ಪವೇ ಮಡಚಿದ್ದರೆ, ಜಾರದ ನೆಲದಲ್ಲಿ ಓಡಾಡುತ್ತಾ ಕೆಲವು ದಿನಗಳಲ್ಲಿ ತಾನೇ ನೆಟ್ಟಗಾಗುತ್ತದೆ. ಗೆಣ್ಣಿನ ಮುಂಭಾಗವನ್ನೇ ಊರಿ ನಡೆಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಅವರು ದಪ್ಪಗೆ ಹತ್ತಿ ಸುತ್ತಿ, ಬಿದಿರಿನ ದಬ್ಬೆಯನ್ನೋ ಸೀಳಿದ ಪ್ಲಾಸ್ಟಿಕ್ ಪೈಪನ್ನೋ ಇಟ್ಟು ಕಟ್ಟುತ್ತಾರೆ. ಅವರು ಹೇಳಿದ ಹಾಗೆ ಕಟ್ಟು ಬಿಚ್ಚಿ ನೋಡಬೇಕು. ಚರ್ಮ ಕೆಂಪಾಗಿದ್ದರೆ, ಗಾಯವಾಗಿದ್ದರೆ ತಿಳಿಸಬೇಕು. ಹತ್ತಿ ಇಲ್ಲದೆ ಹಗ್ಗದಿಂದ ದಬ್ಬೆ ಬಿಗಿದರೆ ರಕ್ತ ನಿಂತು ಕಾಲೇ ಕೊಳೆಯಬಹುದು.

ಮೂರು, ಸೊಟ್ಟಗಾಲು. ಇದು ಕರು ಬೆಳೆಯುತ್ತಾ ಬರುತ್ತದೆ. ಕತ್ತಲೆ ಕೊಟ್ಟಿಗೆಯಲ್ಲಿ ಸದಾ ಕಟ್ಟಿದ ಕರುವಿಗೆ ಬಿಸಿಲು ಸಿಗುವುದಿಲ್ಲ. ಮೇವಿನಲ್ಲಿ ಸುಣ್ಣದ ಅಂಶ, ರಂಜಕ ಸಾಲುವುದಿಲ್ಲ. ಮೂಳೆ ಮೆತ್ತಗಾಗಿ ಬಾಗುತ್ತದೆ. ಎರಡೂ ಕಾಲಿನ ಗೆಣ್ಣು ದಪ್ಪವಾಗುತ್ತದೆ, ಆದರೆ ಬಿಸಿ ಇರುವುದಿಲ್ಲ. ಇದಕ್ಕೆ ಬೆಳಗಿನ ಬಿಸಿಲು, ಓಡಾಟ ಬೇಕು. ವೈದ್ಯರು ಹೇಳಿದಷ್ಟು ಖನಿಜ ಮಿಶ್ರಣ, ಜಂತುಹುಳದ ಔಷಧಿ ಬೇಕು.

ಒಂದು ಮಾತು ನೆನಪಿಡೋಣ. ಎಳೆಗರು ಕುಂಟಿದರೆ "ತಾಯಿ ತುಳಿದಿರಬೇಕು, ಸರಿಹೋಗ್ತದೆ ಬಿಡು" ಅಂತ ಸುಮ್ಮನೆ ಇರಬಾರದು. ಮೊದಲು ಕೀಲು ಮುಟ್ಟಿ ನೋಡಬೇಕು. ಹೊಕ್ಕುಳು ನೋಡಬೇಕು. ಜ್ವರ ನೋಡಬೇಕು.

ಬರೆ ಬೇಡ

ಕೀಲು ಊದಿದರೆ ಕಬ್ಬಿಣ ಕಾಯಿಸಿ ಬರೆ ಹಾಕುವುದು ಹಳೆಯ ರೂಢಿ. ಬರೆ ಚರ್ಮವನ್ನು ಸುಡುತ್ತದೆ. ಒಳಗಿನ ಕೀವಿಗೆ ಅದು ತಾಗುವುದಿಲ್ಲ. ಸುಟ್ಟ ಗಾಯದಲ್ಲಿ ಇನ್ನೊಂದು ಕೀವು ಶುರುವಾಗುತ್ತದೆ. ನೊಣ ಕೂತು ಹುಳ ಬೀಳುತ್ತದೆ. ಬರೆ ಹಾಕಿ ಎರಡು ದಿನ ಕಾಯುವುದರಲ್ಲಿ ಕೀಲಿನ ಪದರ ಹೋಗಿರುತ್ತದೆ. ಬೆಳೆದ ಮೇಲೆ ಆ ಚರ್ಮಕ್ಕೂ ಬೆಲೆ ಇಲ್ಲ.

ಊದಿದ ಜಾಗವನ್ನು ನಾವೇ ಚುಚ್ಚಿ ಕೀವು ತೆಗೆಯುವುದೂ ತಪ್ಪು. ಹೊರಗಿನ ಕೊಳೆ ಒಳಗೆ ಹೋಗುತ್ತದೆ.

ಮನುಷ್ಯರ ನೋವಿನ ಮಾತ್ರೆ ಕೊಡಬಾರದು. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನು ದನಗಳಿಗೆ ಬಳಸುವುದನ್ನು ನಮ್ಮ ದೇಶದಲ್ಲಿ 2006ರಲ್ಲಿ ನಿಷೇಧಿಸಿದರು. ಈ ಔಷಧಿ ಕೊಟ್ಟ ದನ ಸತ್ತರೆ, ಅದನ್ನು ತಿಂದ ರಣಹದ್ದುಗಳೂ ಸಾಯುತ್ತವೆ. ಕರುವಿಗೆ ಯಾವ ಔಷಧಿ, ಎಷ್ಟು ಎಂದು ಪಶುವೈದ್ಯರೇ ಹೇಳಬೇಕು.

ವೈದ್ಯರು ಬಂದು ಹೋದ ಮೇಲೆ

ಸಹಾಯಕ್ಕೆ 1962 ಎಂಬ ನಂಬರಿಗೆ ಫೋನ್ ಮಾಡಬಹುದು. ಇದು ಪಶು ಚಿಕಿತ್ಸಾ ವಾಹನದ ನಂಬರು. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೂ ಹೋಗಬಹುದು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ವೈದ್ಯರು ಇಂಜೆಕ್ಷನ್ ಕೊಡುತ್ತಾರೆ. ಬೇಕಾದರೆ ಕೀಲಿನ ಒಳಗೆ ತೊಳೆಯುತ್ತಾರೆ. ಎರಡು ದಿನದಲ್ಲಿ ಕರು ಎದ್ದು ನಿಲ್ಲಬಹುದು. "ವಾಸಿ ಆಯ್ತಲ್ಲ" ಅಂತ ಔಷಧಿ ನಿಲ್ಲಿಸಬಾರದು. ಉಳಿದ ರೋಗಾಣು ಮತ್ತೆ ಹೆಚ್ಚುತ್ತದೆ. ಹೇಳಿದಷ್ಟು ದಿನವೂ ಔಷಧಿ ಕೊಡಿಸಬೇಕು.

ಆರೈಕೆ ನಮ್ಮ ಕೈಯಲ್ಲಿದೆ. ದಪ್ಪಗೆ ಒಣ ಹುಲ್ಲು ಹಾಸಬೇಕು. ಏಳಲಾಗದ ಕರುವನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸಬೇಕು. ಎತ್ತಿ ಹಿಡಿದು ಹಾಲು ಕುಡಿಸಬೇಕು. ಕೀವು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು.

ಕುದುರೆ ಮರಿಗೂ ಇದೇ ಮಾತು

ಕೆಲವರು ತಟ್ಟು ಕುದುರೆ ಸಾಕುತ್ತಾರೆ. ಅದರ ಮರಿಗೂ ಹೊಕ್ಕುಳಿನಿಂದಲೇ ಕೀಲು ಬಾವು ಬರುತ್ತದೆ. ಮರಿ ಗಿಡ್ಡ ತಳಿಯದಾದರೂ ರೋಗ ಚಿಕ್ಕದಲ್ಲ. ಅದಕ್ಕೂ ಹೊಕ್ಕುಳಿಗೆ ಔಷಧಿ, ಎರಡು ಗಂಟೆಯೊಳಗೆ ತಾಯಿಯ ಮೊದಲ ಹಾಲು ಬೇಕು. ಮರಿ ಕುಂಟಿದರೆ ಅದೇ ದಿನ ತೋರಿಸಬೇಕು.

ಕುದುರೆ ಮರಿಗೆ ಇನ್ನೂ ಮೂರು ಎಚ್ಚರ ಬೇಕು. ಬೇಗ ದಪ್ಪಗಾಗಲಿ ಅಂತ ಹುರುಳಿ ಹೆಚ್ಚಾಗಿ ತಿನ್ನಿಸಬಾರದು. ಮೈ ಬೇಗ ಬೆಳೆದು, ಎಳೆಯ ಕೀಲಿಗೆ ಭಾರ ಬೀಳುತ್ತದೆ. ಗೊರಸು ಒಂದೇ ಕಡೆ ಸವೆದರೆ ಕಾಲು ಸೊಟ್ಟಗಾಗುತ್ತದೆ. ಗೊರಸನ್ನು ತಿಳಿದವರಿಂದ ಸಮ ಮಾಡಿಸುತ್ತಿರಬೇಕು. ಗೆಣ್ಣಿನ ಹತ್ತಿರದ ಮೂಳೆ ಮೊದಲ ಎರಡು ಮೂರು ತಿಂಗಳಲ್ಲೇ ಹೆಚ್ಚು ಬೆಳೆಯುತ್ತದೆ. ಅಲ್ಲಿ ಸೊಟ್ಟ ಕಂಡರೆ ಆ ದಿನಗಳಲ್ಲೇ ಸರಿಪಡಿಸಬೇಕು. ಆಮೇಲೆ ಕಷ್ಟ.

ಬರೆ ಹಾಕಬೇಡಿ, ಬರೆದಿಡಿ

ಕೊಟ್ಟಿಗೆಯಲ್ಲಿ ಒಂದು ಡಬ್ಬ ಇಡೋಣ. ಅದರಲ್ಲಿ ಟಿಂಚರ್ ಅಯೋಡಿನ್, ಹತ್ತಿ, ದಾರ, ಹೊಸ ಬ್ಲೇಡು, ಜ್ವರ ನೋಡುವ ಕಡ್ಡಿ ಇರಲಿ. ಜೊತೆಗೆ ಒಂದು ಪುಸ್ತಕ, ಪೆನ್ಸಿಲ್ ಇರಲಿ. ಈಗ ನಮಗೆ ಬರೆಯಲು ಬರುತ್ತದೆ. ಹೀಗೆ ಬರೆಯೋಣ.

ಕರು ಹುಟ್ಟಿದ ದಿನ, ಗಂಟೆ:
ಗಿಣ್ಣು ಕುಡಿಸಿದ ಗಂಟೆ, ಎಷ್ಟು:
ಹೊಕ್ಕುಳಿಗೆ ಔಷಧಿ ಹಾಕಿದ ದಿನ:
ಕೀಲು ಊದಿದ್ದು ಕಂಡ ದಿನ, ಯಾವ ಕಾಲು:
ಜ್ವರ ಎಷ್ಟು:

ವೈದ್ಯರು ಬಂದಾಗ ಈ ಪುಟ ತೋರಿಸೋಣ. "ನಾಕೈದು ದಿನ ಆಯ್ತೇನೋ ಸ್ವಾಮಿ" ಅನ್ನುವ ಬದಲು ದಿನ, ಗಂಟೆ ಸರಿಯಾಗಿ ಹೇಳಬಹುದು. ಯಾವ ಚಿಕಿತ್ಸೆ ಎಂದು ವೈದ್ಯರು ಬೇಗ ತೀರ್ಮಾನ ಮಾಡಬಹುದು. ನಾವು ಕಲಿತ ಅಕ್ಷರ ಒಂದು ಕರುವಿನ ಕಾಲನ್ನೂ ಉಳಿಸಬಹುದು.

ಓದಿ ಉತ್ತರಿಸಿ

1. ಎಳೆಗರುವಿನ ಕೀಲಿಗೆ ರೋಗಾಣು ಯಾವ ದಾರಿಯಿಂದ ಹೋಗುತ್ತದೆ?
2. 25 ಕಿಲೋ ತೂಕದ ಕರುವಿಗೆ ಮೊದಲ ದಿನ ಎಷ್ಟು ಗಿಣ್ಣು ಬೇಕು? ಲೆಕ್ಕ ಮಾಡಿ.
3. ಕೀಲು ಬಾವಿಗೂ ಮಡಚಿದ ಕಾಲಿಗೂ ಏನು ವ್ಯತ್ಯಾಸ?
4. ಬರೆ ಹಾಕಿದರೆ ಕೀಲಿನ ಕೀವು ಏಕೆ ಹೋಗುವುದಿಲ್ಲ?

ಮಾಡಿ ನೋಡಿ

ನಿಮ್ಮ ಊರಿನ ಪಶು ಆಸ್ಪತ್ರೆಯ ಫೋನ್ ನಂಬರು ಕೇಳಿ ತಿಳಿದುಕೊಳ್ಳಿ. ಅದನ್ನೂ 1962 ನಂಬರನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.